ಟೂರಿಗೊಂದು ದೂರು

ಯಾದಗಿರಿ
30 ಜೂನ್ 2025

ಮಾನ್ಯ ಮುಖ್ಯಗುರುಮಾತೆ ಬಸವೇಶ್ವರಿ ಅವರಿಗೆ,

ನಿಮ್ಮ ಶಾಲೆಯ ಒಂಬತ್ತನೇ ತರಗತಿಯ ರೇವತಿಯ ತಂದೆ ಶ್ರೀಮಂತ ಮಾಡುವ ನಮಸ್ಕಾರಗಳು. ಹೆಸರು ನೋಡಿ ಕಟ್ಟಡ ನಿಧಿಯ ರಸೀದಿ ಪುಸ್ತಕ ತೆಗೆಯಬೇಡಿ. ಹೆಸರಿಗಷ್ಟೇ ಶ್ರೀಮಂತ, ವೃತ್ತಿಯಿಂದ ಬಸ್ ಕಂಡಕ್ಟರ್. ಬಿ.ಎ. ಪಾಸು ಮಾಡಿದವನು ಈಗ ಊರವರ ಬಸ್ ಪಾಸು ನೋಡಿಕೊಂಡಿದ್ದೇನೆ. ಕೆಲಸ ಯಾದಗಿರಿ ಡಿಪೊದಲ್ಲಿ, ಸಂಸಾರ ಸುರಪುರದಲ್ಲಿ; ವಾರಕ್ಕೊಮ್ಮೆ ಮನೆಗೆ ಹೋದಾಗ ಮಕ್ಕಳು ನನ್ನನ್ನು ಗುರುತು ಹಿಡಿಯುತ್ತಾರೆ, ಅಷ್ಟು ಪುಣ್ಯ.

ವಿಷಯ ಇಷ್ಟೇ. ಜುಲೈ 11ರಿಂದ ಒಂದು ವಾರ ರೇವತಿಗೆ ರಜೆ ಬೇಕು. ಕುಟುಂಬದ ಜೊತೆ ಪ್ರವಾಸ ಹೋಗುತ್ತಿದ್ದೇವೆ. ಪ್ರಾಥಮಿಕ ಶಾಲೆಯಲ್ಲಿರುವ ಅವಳ ತಮ್ಮನಿಗೆ ಅವನ ಮಾಸ್ತರರು ಆಗಲೇ ರಜೆ ಕೊಟ್ಟಿದ್ದಾರೆ. ಅವನಿಲ್ಲದಿದ್ದರೆ ತರಗತಿ ಶಾಂತವಾಗಿರುತ್ತದೆಂದು ತುಸು ಖುಷಿಯಿಂದಲೇ ಕೊಟ್ಟರು.

ಬೇಸಿಗೆ ರಜೆಯಲ್ಲಿ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಊರಿಗೆ ಊರೇ ಮದುವೆಗೆ ಹೊರಟಿರುತ್ತದೆ. ಬಸ್ಸಿಗೆ ಹೆಚ್ಚುವರಿ ಟ್ರಿಪ್, ಕಂಡಕ್ಟರಿಗೆ ಹೆಚ್ಚುವರಿ ಬೆವರು. ದಸರಾ, ದೀಪಾವಳಿಗೂ ಅದೇ ಹಾಡು. ನನಗೆ ರಜೆ ಸಿಗುವುದು ಆಷಾಢದಲ್ಲಿ. ಮದುವೆಯಿಲ್ಲ, ಸೀಮಂತವಿಲ್ಲ, ಸೀಟುಗಳು ಖಾಲಿ. ಮಕ್ಕಳಿಗೆ ಬಿಡುವಿದ್ದಾಗ ಅಪ್ಪನಿಗೆ ಬಿಡುವಿಲ್ಲ. ಅಪ್ಪನಿಗೆ ಬಿಡುವಾದಾಗ ಶಾಲೆ ಬಿಡುವುದಿಲ್ಲ. ರೇವತಿ ಹುಟ್ಟಿದಾಗಿನಿಂದ ನಾವು ನಾಲ್ವರೂ ಕೂಡಿ ಎಲ್ಲಿಗೂ ಹೋದದ್ದಿಲ್ಲ. ಈ ಸಲ ದಯವಿಟ್ಟು ಬಿಡಿ.

ತಮ್ಮ ವಿಶ್ವಾಸಿ,
ಶ್ರೀಮಂತ


ಸುರಪುರ
2 ಜುಲೈ 2025

ಶ್ರೀ ಶ್ರೀಮಂತ ಅವರಿಗೆ,

ನಿಮ್ಮ ಪತ್ರವನ್ನು ಶಿಕ್ಷಕರ ಕೊಠಡಿಯಲ್ಲಿ ಓದಿಸಿದೆ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ: ರಜೆ ಕೊಡಲು ಆಗುವುದಿಲ್ಲ.

ಜುಲೈ 14ರಿಂದ ಮೊದಲ ಕಿರುಪರೀಕ್ಷೆ. ರೇವತಿ ಗಣಿತದಲ್ಲಿ ಹಿಂದಿದ್ದಾಳೆ, ಉಳಿದದ್ದರಲ್ಲಿ ಮುಂದಿದ್ದಾಳೆ. ಹಿಂದಿರುವುದನ್ನು ಮುಂದೆ ತರುವ ಹೊತ್ತಿನಲ್ಲಿ ನೀವು ಅವಳನ್ನೇ ಹೊರಗೆ ಕರೆದೊಯ್ಯುತ್ತೇನೆ ಎನ್ನುತ್ತೀರಿ.

ಇನ್ನೊಂದು ಮಾತು. ಇಷ್ಟುದ್ದದ ಪತ್ರದಲ್ಲಿ ಎಲ್ಲಿಗೆ ಹೋಗುತ್ತೀರಿ ಎಂಬುದೇ ಇಲ್ಲ. ತರಗತಿಯ ಶಿಕ್ಷಕಿ ಕೇಳಿದರೆ ರೇವತಿ "ಹೇಳಬಾರದ್ರಿ ಬಾಯರ" ಎಂದು ತಲೆ ತಗ್ಗಿಸಿದಳಂತೆ. ಒಂಬತ್ತನೇ ತರಗತಿಯ ಹುಡುಗಿ ಎಲ್ಲಿಗೆ ಹೋಗುತ್ತಾಳೆ, ಯಾರ ಮನೆಯಲ್ಲಿ ಉಳಿಯುತ್ತಾಳೆ ಎಂಬುದು ನನಗೆ ಗೊತ್ತಾಗಬೇಕು. ಮರುಟಪಾಲಿಗೆ ತಿಳಿಸಿ.

ಬಸವೇಶ್ವರಿ
ಮುಖ್ಯಗುರುಮಾತೆ


ಯಾದಗಿರಿ
4 ಜುಲೈ 2025

ಮಾನ್ಯರೆ,

ನೀವು ನಕ್ಕದ್ದು ಕೇಳಿ ಸಂತೋಷ. ಬಸ್ಸಿನಲ್ಲಿ ಇಷ್ಟು ವರ್ಷ ಚಟಾಕಿ ಹಾರಿಸಿದ್ದೇನೆ. ನಕ್ಕವರೂ ಚಿಲ್ಲರೆ ಎಣಿಸಿಕೊಂಡೇ ಇಳಿದಿದ್ದಾರೆ. ನೀವೂ ಹಾಗೆಯೇ ಇಳಿದಿರಿ.

ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡಲಾರೆ. ನನ್ನ ತಾಯಿ ಮಾನಮ್ಮನ ಅಪ್ಪಣೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೂ ಹೇಳಬಾರದು, ಹೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಮನೆಯಲ್ಲಿ ಕಾನೂನು. ಬೆಳಗಿನಿಂದ ಸಂಜೆಯವರೆಗೆ "ಎಲ್ಲಿಗಿ, ಎಲ್ಲಿಗಿ" ಎಂದು ಕೇಳಿ ಹೊಟ್ಟೆ ಹೊರೆಯುವವನ ಮನೆಯಲ್ಲಿ ಇಂಥ ಕಾನೂನು! ನಾನೂ ಅವ್ವನಿಗೆ ಇದನ್ನೇ ಹೇಳಿದೆ. "ಅದಕ್ಕ ನೋಡು, ನಿಮ್ಮ ಬಸ್ಸು ದಿನಾ ಅರ್ಧ ದಾರ್ಯಾಗ ಕೆಡ್ತಾವ" ಎಂದಳು. ಇದಕ್ಕೆ ನಮ್ಮ ಡಿಪೊದಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ.

ದೂರ ಹೋಗುತ್ತಿದ್ದೇವೆ, ತಾಯಿ-ತಂದೆಯ ಜೊತೆ ಹೋಗುತ್ತಿದ್ದಾಳೆ, ಹಿಂದೆಂದೂ ನೋಡದ್ದನ್ನು ನೋಡಿ ಬರುತ್ತಾಳೆ. ಇಷ್ಟು ಸಾಕು. ಪರೀಕ್ಷೆ ಕಿರಿದು, ನೋಡುವುದು ಹಿರಿದು. ಇದು ಕೋರಿಕೆಯಲ್ಲ, ತಿಳಿವಳಿಕೆಗಾಗಿ. ನೀವು ಕೊಟ್ಟರೆ ರಜೆ, ಕೊಡದಿದ್ದರೆ ಗೈರು. ಬಂದ ಮೇಲೆ ನಿಮ್ಮ ಮುಂದೆ ನಿಂತು ಬೈಗುಳ ತಿನ್ನುತ್ತೇನೆ. ಅಲ್ಲಿಯ ಮಿಠಾಯಿಯನ್ನು ನೀವು ತಿನ್ನಿ.

ಶ್ರೀಮಂತ


ಸುರಪುರ
12 ಜುಲೈ 2025

ಬಸವೇಶ್ವರಿ ಅವರೆ,

ನಾವು ಎಲ್ಲಿಗೂ ಹೋಗಲಿಲ್ಲ. ಪತ್ರ ನಮ್ಮ ಮನೆಯಿಂದಲೇ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ನಗೆಯ ಮಾತು ಬಂದರೆ ಅದು ಕೈಯ ರೂಢಿ, ಮನಸ್ಸಿನದಲ್ಲ.

ನಿನ್ನೆ ಮಧ್ಯಾಹ್ನ ಸುರಪುರದಿಂದ ಬಸ್ ಹತ್ತಿದೆವು. ನಾನು, ಹೆಂಡತಿ ಹಣಮಂತಮ್ಮ, ರೇವತಿ, ಅವಳ ತಮ್ಮ. ಯಾದಗಿರಿಯಲ್ಲಿ ಸಂಜೆಯ ರೈಲು ಹಿಡಿಯಬೇಕಿತ್ತು. ಹೊಸ್ತಿಲು ದಾಟುವ ಮುಂಚೆ ಅವ್ವ ಸೊಸೆಗೂ ಮೊಮ್ಮಗಳಿಗೂ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು. "ದೂರ ಹೋಗೂ ಹೆಣ್ಮಕ್ಕಳ ಉಡಿ ಖಾಲಿ ಇರಬಾರದು" ಎಂದಳು. ರೇವತಿ ಹಿಂದಿನ ದಿನವೇ ಕೈತುಂಬ ಮದರಂಗಿ ಹಚ್ಚಿಕೊಂಡಿದ್ದಳು. ಫೋಟೊದಲ್ಲಿ ಚಂದ ಕಾಣುತ್ತದಂತೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಗೆಳೆಯ ಅಮೀನುದ್ದೀನ. "ಬರ್ರಿ ಸಾಹುಕಾರ್ರ, ಇವತ್ತ ನೀವು ಪ್ಯಾಸೆಂಜರ್ ಏನು? ಚಿಲ್ಲರ ಕೊಡ್ರಿ, ಇಲ್ಲಾಂದ್ರ ಇಳಿಸಿಬಿಡ್ತೀನಿ" ಎಂದು ನನ್ನ ಮಾತನ್ನು ನನಗೇ ತಿರುಗಿಸಿದ. ಮಕ್ಕಳು ನಕ್ಕು ನಕ್ಕು ಸಾಕಾದರು.

ಶಹಾಪುರ ನಿಲ್ದಾಣದಲ್ಲಿ ಬಸ್ ನಿಂತಿತು. ಮಕ್ಕಳ ರಕ್ಷಣೆಯ ಇಲಾಖೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಪೊಲೀಸ್ ಹತ್ತಿದರು. "ರೇವತಿ ಅಂದ್ರ ಯಾರು?"

ನನ್ನ ಮಗಳು ಎದ್ದು ನಿಂತಳು. ಕೈ ಎತ್ತಿ "ಎಸ್ ಮೇಡಂ" ಎಂದಳು. ನಿಮ್ಮ ಶಾಲೆ ಕಲಿಸಿದ ಶಿಸ್ತು. ಎತ್ತಿದ ಕೈಯಲ್ಲಿ ಮದರಂಗಿ ಇತ್ತು.

"ಮದಿವಿ ಎಲ್ಲಿ ಇಟ್ಟೀರಿ?"

"ಯಾರ ಮದಿವ್ರೀ ಯವ್ವಾ?" ಹಣಮಂತಮ್ಮ ಕೇಳಿದಳು.

"ನಾಟಕ ಮಾಡಬ್ಯಾಡ. ಉಡಿಯಾಗ ಏನೈತಿ ತೋರಿಸು. ಇಳೀರಿ ಎಲ್ಲಾರೂ."

ಆ ನಿಲ್ದಾಣದಲ್ಲಿ ನನಗೆ ಗೊತ್ತಿಲ್ಲದ ಮುಖವಿಲ್ಲ. ದೋರನಹಳ್ಳಿಯ ಒಬ್ಬ ಮುದುಕನಿದ್ದಾನೆ, ಅವನು ಓಡಿ ಬರುವವರೆಗೆ ನಾನು ಎಷ್ಟೋ ಸಲ ಬಸ್ ನಿಲ್ಲಿಸಿದ್ದೇನೆ. ಅವನು ನನ್ನ ಮುಖಕ್ಕೇ ಹೇಳಿದ: "ಓದಿದಾಂವ ಅಂತ ತಿಳಿದಿದ್ದೆ ಶ್ರೀಮಂತಪ್ಪ. ಇಷ್ಟ್ ಸಣ್ಣ ಕೂಸಿಗಿ ಹಿಂಗ ಮಾಡಬಾರದಿತ್ತು ನೀ." ಪಕ್ಕದ ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ. ಕಡೆಗೂ ಮಗಳ ಮದರಂಗಿಯ ಫೋಟೊ ಬಂತು.

ಕೋಣೆಯೊಂದರಲ್ಲಿ ಕೂರಿಸಿದರು. ತಾಯಿಯನ್ನು ಹೊರಗೆ ಕಳಿಸಿ ರೇವತಿಯೊಬ್ಬಳನ್ನೇ ಕೇಳಿದರು: "ಹುಡುಗ ಯಾವೂರಾಂವ?" ಅವಳು "ಸಮುದ್ರ ನೋಡಾಕ ಹೊಂಟೀವ್ರಿ" ಎಂದಳಂತೆ. "ಹಿಂಗ ಹೇಳು ಅಂತ ಯಾರು ಕಲಿಸ್ಯಾರ?" ಎಂದರಂತೆ. ಚೆನ್ನೈ ರೈಲಿನ ಟಿಕೆಟ್ ತೋರಿಸಿದೆ. ಚೆನ್ನೈಯಲ್ಲಿ ಮದುವೆ ಆಗುವುದಿಲ್ಲವೇನು ಎಂದರು. ಇದು ಆಷಾಢ, ಆಷಾಢದಲ್ಲಿ ಯಾವ ತಂದೆ ಮಗಳ ಮದುವೆ ಮಾಡುತ್ತಾನೆ ಎಂದೆ. ಬರೆದುಕೊಂಡರು. ಅಲ್ಲಿ ಇಲ್ಲಿ ವಿಚಾರಿಸಿ, ದೀಪ ಹಚ್ಚುವ ಹೊತ್ತಿಗೆ "ತಪ್ಪು ಮಾಹಿತಿ ಬಂದಿತ್ತು, ಹೋಗ್ರಿ" ಎಂದು ಬಿಟ್ಟರು. ಅಷ್ಟರಲ್ಲಿ ರೈಲು ಹೋಗಿತ್ತು.

ನನ್ನ ಮಗಳು ಸಮುದ್ರ ನೋಡಬೇಕೆಂದಿದ್ದಳು. ಊರು ನನ್ನ ಮಗಳನ್ನು ನೋಡಿತು.

ಮಾಹಿತಿ ಕೊಟ್ಟವರು ಯಾರೆಂದು ಕೇಳಿದೆ. ಅವರು ಹೇಳಲಿಲ್ಲ. ನೀವು ಹೇಳುತ್ತೀರಾ?

ಶ್ರೀಮಂತ


ಸುರಪುರ
16 ಜುಲೈ 2025

ಶ್ರೀ ಶ್ರೀಮಂತ ಅವರಿಗೆ,

ದಿನಾಂಕ 11ರಂದು ನಡೆದ ಘಟನೆ ವಿಷಾದನೀಯ. ಹೆಣ್ಣುಮಕ್ಕಳ ಹಿತದೃಷ್ಟಿಯಿಂದ ಸಂಬಂಧಪಟ್ಟವರಿಂದ ಮುಂಜಾಗ್ರತಾ ಕ್ರಮ ಕೈಗೊಳ್ಳಲಾಗಿದೆ ಎಂದು ತಿಳಿದುಬಂದಿದೆ. ಮಾಹಿತಿದಾರರ ಹೆಸರನ್ನು ಗೋಪ್ಯವಾಗಿಡುವುದು ನಿಯಮವಾಗಿದ್ದು, ಆ ಕುರಿತು ಶಾಲೆಯಿಂದ ಏನನ್ನೂ ಹೇಳಲು ಬರುವುದಿಲ್ಲ.

ರೇವತಿ ಸೋಮವಾರದಿಂದ ಗೈರಾಗಿದ್ದಾಳೆ. ಕಿರುಪರೀಕ್ಷೆಯನ್ನು ಮತ್ತೊಮ್ಮೆ ಬರೆಯಲು ಅವಕಾಶ ಕಲ್ಪಿಸಲಾಗುವುದು. ಕೂಡಲೇ ಕಳುಹಿಸಿಕೊಡಿ.

ಬಸವೇಶ್ವರಿ
ಮುಖ್ಯಗುರುಮಾತೆ


ಯಾದಗಿರಿ
19 ಜುಲೈ 2025

ಬಸವೇಶ್ವರಿ ಅವರೆ,

ಸರ್ಕಾರಿ ಕನ್ನಡ ಎಷ್ಟು ಸುಖದ ಭಾಷೆ! ಅದರಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಾನಾಗಿಯೇ ಮಾಡಲ್ಪಡುತ್ತದೆ. ನನ್ನ ಮಗಳು ಇಳಿಸಲ್ಪಟ್ಟಳು, ಉಡಿ ಬಿಚ್ಚಲ್ಪಟ್ಟಿತು, ಮಾನ ಕಳೆಯಲ್ಪಟ್ಟಿತು. ಕಳೆದವರು ಮಾತ್ರ ಎಲ್ಲೂ ಇಲ್ಲ.

ಎಲ್ಲೂ ಇಲ್ಲವೆಂದುಕೊಂಡಿದ್ದೆ. ನಿನ್ನೆ ಡಿಪೊದಲ್ಲಿ ಅಮೀನುದ್ದೀನ ಪಕ್ಕಕ್ಕೆ ಕರೆದ. "ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತ ನಿಮ್ಮ ಮಗಳ ಸಾಲಿ ದೊಡ್ಡ ಬಾಯರು ಅಲ್ಲೇ ಇದ್ರು. ಕ್ಯಾಂಟೀನ್ ಮುಂದಿನ ಕಂಬದ ಹಿಂದ. ತಲಿ ಮ್ಯಾಲ ಸೆರಗ ಹೊತ್ಕೊಂಡ್ ನಿಂತಿದ್ರು."

ಕಂಬದ ಹಿಂದೆ! ನನ್ನ ಮಗಳು "ಎಸ್ ಮೇಡಂ" ಎಂದು ಕೈ ಎತ್ತಿದಾಗ ಅವಳ ಮೇಡಂ ಹತ್ತು ಹೆಜ್ಜೆ ದೂರದಲ್ಲಿ ಕಂಬದ ಹಿಂದಿದ್ದರು. ಮುಖ್ಯಗುರುಗಳು ಮುಖವನ್ನೇ ಮರೆಮಾಡಿದರೆ ಉಳಿಯುವುದೇನು?

ಇನ್ನೊಂದು ಕೇಳುತ್ತೇನೆ. ನಿಮ್ಮ ಆಡಳಿತ ಮಂಡಳಿಯ ಶಿವರಾಜ ಸಾಹುಕಾರರ ಮಗಳು ರೇವತಿಯ ತರಗತಿಯವಳೇ. ಜೂನ್ ತಿಂಗಳಲ್ಲಿ ಶಾಲೆ ನಡೆಯುತ್ತಿದ್ದಾಗಲೇ ಮನೆಮಂದಿಯೆಲ್ಲ ಊಟಿಗೆ ಹೋಗಿಬಂದರು. ಹೊರಡುವಾಗ ಅವರ ಮನೆಯಲ್ಲೂ ಉಡಿ ತುಂಬಿರುತ್ತಾರೆ, ಆ ಹುಡುಗಿಯೂ ಮದರಂಗಿ ಹಚ್ಚಿಕೊಂಡಿರುತ್ತಾಳೆ. ನೀವು ಎಲ್ಲಿಗೆ ಎಂದು ಕೇಳಿದಿರಾ? ಅವರ ಹುಡುಗಿಗೆ ಉಡಿ ತುಂಬಿದರೆ ಶಾಸ್ತ್ರ, ನಮ್ಮ ಹುಡುಗಿಗೆ ತುಂಬಿದರೆ ಸಾಕ್ಷ್ಯ. ಅವರು ಹೋದರೆ ಟೂರು, ನಾವು ಹೋದರೆ ದೂರು.

ರೇವತಿ ಇನ್ನು ನಿಮ್ಮ ಶಾಲೆಗೆ ಬರುವುದಿಲ್ಲ. ಟಿ.ಸಿ. ಕಳಿಸಿ. ಯಾದಗಿರಿಯಲ್ಲಿ ಶಾಲೆಗಳಿಗೆ ಬರವಿಲ್ಲ.

ಶ್ರೀಮಂತ


ಸುರಪುರ
24 ಜುಲೈ 2025

ಶ್ರೀಮಂತ ಅವರೆ,

ಹೌದು, ಮಕ್ಕಳ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ಕಂಬದ ಹಿಂದೆ ನಿಂತವಳೂ ನಾನೇ.

ನೀವು ಸಿಟ್ಟಿನಲ್ಲಿ ಬರೆಯುತ್ತೀರಿ. ನನಗೂ ಸಿಟ್ಟು ಬರುತ್ತದೆ, ಓದಿ. ಎರಡು ವರ್ಷದ ಹಿಂದೆ ಇದೇ ಒಂಬತ್ತನೇ ತರಗತಿಯಲ್ಲಿ ಮಲಕಮ್ಮ ಎಂಬ ಹುಡುಗಿ ಇದ್ದಳು. ಓಟದಲ್ಲಿ ತಾಲೂಕಿಗೆ ಮೊದಲು. ಅವಳ ಅಪ್ಪನೂ ರಜೆ ಕೇಳಿದ್ದ. ಅವನೂ ಎಲ್ಲಿಗೆ ಎಂದು ಹೇಳಲಿಲ್ಲ. ಅವನೂ ಒಳ್ಳೆಯ ಮಾತುಗಾರ, ನಗಿಸಿದ, ನಾನು ನಕ್ಕೆ. ಕಳೆದ ಚಳಿಗಾಲದಲ್ಲಿ ಶಹಾಪುರದ ಸಂತೆಯಲ್ಲಿ ಮಲಕಮ್ಮ ಸಿಕ್ಕಳು, ಕಂಕುಳಲ್ಲಿ ಕೂಸು. ನನ್ನನ್ನು ಕಂಡು ಸೆರಗು ಮುಖಕ್ಕೆಳೆದುಕೊಂಡು ಓಡಿದಳು. ಆಗಲೂ ಚೆನ್ನಾಗಿಯೇ ಓಡಿದಳು.

ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆಂದು ಕೇಳಿದಿರಿ. ಕದ್ದು ಮಾಡುವವರು ಮಾಡುತ್ತಾರೆ. ಪಂಚಾಂಗ ಬೇಡವೆಂದ ತಿಂಗಳಲ್ಲಿ ಯಾರಿಗೂ ಅನುಮಾನ ಬರುವುದಿಲ್ಲವಲ್ಲ, ಅದಕ್ಕೇ. ಆ ದಿನ ಬೆಳಗ್ಗೆ ನಮ್ಮ ಅಡುಗೆಯ ಚಂದಮ್ಮ ಓಡುತ್ತ ಬಂದಳು. ಅವಳ ಮನೆ ನಿಮ್ಮ ಓಣಿಯಲ್ಲೇ. "ಬಾಯರ, ಆ ಹುಡುಗಿ ಕೈಗಿ ಮದರಂಗಿ ಹಚ್ಯಾರ್ರಿ. ಮುದುಕಿ ಉಡಿ ತುಂಬಾಕ ತಯಾರಿ ನಡಿಸ್ಯಾಳ. ಮಧ್ಯಾಹ್ನದ ಯಾದಗಿರಿ ಬಸ್ಸಿಗಿ ಹೊಂಟಾರ, ಮುಂದ ಎಲ್ಲಿಗಿ ಅಂದ್ರ ಬಾಯಿ ಬಿಡವಲ್ರು." ನಾನೇನು ಮಾಡಬೇಕಿತ್ತು? ಸಮುದ್ರ ನೋಡಲು ಹೋಗುತ್ತೇವೆ ಎಂದು ಒಂದು ಸಾಲು ಬರೆಯಲು ನಿಮ್ಮ ಪೆನ್ನಿನಲ್ಲಿ ಶಾಯಿ ಇರಲಿಲ್ಲ, ಪುಟ ತುಂಬ ಚಟಾಕಿಗೆ ಇತ್ತು. ಬಿ.ಎ. ಓದಿದವರು ತಾಯಿಯ ಕಾನೂನಿಗೆ ಹೆದರಿದಿರಿ. ಅದಕ್ಕೆ ದಂಡ ತೆತ್ತವಳು ರೇವತಿ. ನಾಳೆ ಇನ್ನೊಬ್ಬಳ ವಿಷಯದಲ್ಲಿ ಹೀಗೇ ಆದರೆ ನಾಳೆಯೂ ಫೋನ್ ಮಾಡುತ್ತೇನೆ.

ಕಂಬದ ವಿಷಯಕ್ಕೆ ಮಾತ್ರ ಜಗಳವಾಡಲಾರೆ. ಅವಳು ಅತ್ತರೆ ಕೈಹಿಡಿಯಬೇಕೆಂದೇ ನಿಮಗಿಂತ ಮುಂಚಿನ ಬಸ್ಸಿಗೆ ಶಹಾಪುರಕ್ಕೆ ಬಂದು ಕಾದಿದ್ದೆ. "ಎಸ್ ಮೇಡಂ" ಎಂದದ್ದು ನನಗೂ ಕೇಳಿಸಿತು. ಮದುವೆಗೆ ಹೊರಟ ಹುಡುಗಿಯ ದನಿ ಅದಲ್ಲವೆಂದು ಆಗಲೇ ತಿಳಿಯಿತು. ಮುಂದೆ ಬಂದು ನಿಲ್ಲಿಸಬೇಕಿತ್ತು. ಬರಲಿಲ್ಲ.

ಆದರೆ ಟಿ.ಸಿ. ಕೊಡುವುದಿಲ್ಲ. ನಿಮ್ಮ ಸಿಟ್ಟಿಗೆ ಮಗಳ ಓದನ್ನು ಒತ್ತೆ ಇಡಬೇಡಿ. ಹುಡುಗಿಯನ್ನು ಮನೆಯಲ್ಲಿ ಕೂರಿಸಿ ನನಗೆ ಬುದ್ಧಿ ಕಲಿಸುವುದಾದರೆ, ನಿಮಗೂ ಮಲಕಮ್ಮನ ಅಪ್ಪನಿಗೂ ವ್ಯತ್ಯಾಸವೇನು?

ಬಸವೇಶ್ವರಿ


ಯಾದಗಿರಿ
2 ಆಗಸ್ಟ್ 2025

ಬಸವೇಶ್ವರಿ ಅವರೆ,

ನಿಮ್ಮ ಪತ್ರದ ಕೊನೆಯ ಸಾಲಿಗೆ ಉತ್ತರ ಬರೆದು ಹರಿದೆ, ಮತ್ತೆ ಬರೆದು ಹರಿದೆ. ಅದಕ್ಕೇ ತಡ.

ಮಲಕಮ್ಮನ ಮಾತು ಓದಿದ ದಿನ ನನಗೆ ಸಿಟ್ಟು ಬರಲಿಲ್ಲ. ಮರುದಿನ ಮತ್ತೆ ಬಂತು. ಅವಳ ಅಪ್ಪ ಮಾಡಿದ ತಪ್ಪಿಗೆ ನನ್ನ ಮಗಳನ್ನು ಬಸ್ಸಿನಿಂದ ಇಳಿಸಿದಿರಿ. ಅವ್ವನ ಮಾತಿಗೆ ನಾನು ಹೆದರಿದ್ದು ನಿಜ. ಒಂದು ಸಾಲು ಬರೆಯಬೇಕಿತ್ತು, ಅದೂ ನಿಜ. ಆದರೆ ಸಾಹುಕಾರರು ಆ ಒಂದು ಸಾಲು ಬರೆದಿದ್ದರೇ? ನಾನು ಕೇಳಿದ್ದೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕೂ ಉತ್ತರವಿದೆ, ಅದಕ್ಕಿಲ್ಲ.

ಇನ್ನು ಒತ್ತೆಯ ಮಾತು. ನಾನು ಮಗಳನ್ನು ಶಾಲೆ ಬಿಡಿಸುತ್ತೇನೆ ಎಂದು ಬರೆದದ್ದು ಸುಳ್ಳು. ಬಿಟ್ಟವಳು ಅವಳೇ. ಎಬ್ಬಿಸಿದರೆ ಏಳುವುದಿಲ್ಲ ಎಂದು ಬರೆಯಲು ನನಗೆ ನಾಚಿಕೆಯಾಗಿ, ನಾನೇ ಕೂರಿಸಿದೆ ಎಂದು ಮೀಸೆ ತಿರುವಿದೆ.

ಆ ಸೋಮವಾರ ಅವಳು ಸಮವಸ್ತ್ರ ಹಾಕಿಕೊಂಡು ಬಂದಿದ್ದಳು. ನಿಮ್ಮ ಗೇಟಿನವರೆಗೆ ಬಂದಿದ್ದಳು. ಅಲ್ಲಿ ನಿಂತ ಹುಡುಗಿಯರು "ಏ, ಮದಿಮಗಳು ಬಂದ್ಳು ನೋಡ್ರೇ! ಗಂಡ ಎಲ್ಲ್ಯಾನ?" ಎಂದು ಚಪ್ಪಾಳೆ ತಟ್ಟಿದರಂತೆ. ತಿರುಗಿ ಮನೆಗೆ ಹೋದಳು. ಹುಣಸೆಹಣ್ಣು ಹಚ್ಚಿ, ಇಟ್ಟಿಗೆಯ ಚೂರಿನಿಂದ ಅಂಗೈ ತಿಕ್ಕಿಕೊಂಡಳು. ಮದರಂಗಿ ಹೋಗಲಿಲ್ಲ, ಚರ್ಮ ಹೋಯಿತು. ಅವಳವ್ವ ಫೋನಿನಲ್ಲಿ ಅಳುತ್ತ ಹೇಳಿದಳು. ನಾನು ಆಗ ಸೈದಾಪುರದ ದಾರಿಯಲ್ಲಿ ಟಿಕೆಟ್ ಹರಿಯುತ್ತಿದ್ದೆ. ಉಳಿದ ರಜೆ ರದ್ದು ಮಾಡಿಸಿಕೊಂಡು ಕೆಲಸಕ್ಕೆ ಬಂದಿದ್ದೆ. ಮನೆಯಲ್ಲಿ ಕೂತರೆ ಅವಳ ಮುಖ ನೋಡಬೇಕಿತ್ತು.

ಮೊನ್ನೆ ವಾರದ ರಜೆಗೆ ಹೋದಾಗ ಅವಳ ಪಕ್ಕ ಕೂತೆ. ಊರಿಗೇ ನಗೆಯ ಮಾತು ಹಂಚುವವನಿಗೆ ಒಂದು ಮಾತೂ ಹೊಳೆಯಲಿಲ್ಲ. ಅವಳೇ ಕೇಳಿದಳು: "ಯಪ್ಪಾ, ನಾ ಏನ್ ತಪ್ಪ ಮಾಡೀನಿ?"

ನಿಮಗೆ ನನ್ನ ಕ್ಷಮೆ ಬೇಕಾಗಿಲ್ಲ, ಕೊಡುವ ಮನಸ್ಸೂ ನನಗಿಲ್ಲ. ಆ ಹುಡುಗಿಯರಿಗೆ ನಡೆದದ್ದನ್ನು ನೀವೇ ಹೇಳಬೇಕು. ಸುತ್ತೋಲೆಯಲ್ಲಲ್ಲ, ಬಾಯಿಯಿಂದ. ಹೇಳಿದ ಮೇಲೂ ಅವಳು ಬರದಿದ್ದರೆ ಟಿ.ಸಿ. ಬೇಕೇ ಬೇಕು. ಯಾದಗಿರಿಯಲ್ಲಿ ಯಾರಿಗೂ ಅವಳ ಕೈ ಗೊತ್ತಿಲ್ಲ.

ಶ್ರೀಮಂತ


ಸುರಪುರ
11 ಆಗಸ್ಟ್ 2025

ಶ್ರೀಮಂತ ಅವರೆ,

ರೇವತಿಯ ಅಂಗೈ ವಿಷಯ ನನಗೆ ಗೊತ್ತಿರಲಿಲ್ಲ. ಗೇಟಿನ ಮಾತೂ ಗೊತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ತಿಳಿದವಳೆಂದು ಬೀಗುತ್ತಿದ್ದೆ. ನನ್ನ ಗೇಟಿನ ಸುದ್ದಿ ತಿಳಿಯಲು ಯಾದಗಿರಿಯಿಂದ ಪತ್ರ ಬರಬೇಕಾಯಿತು.

ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಹೇಳಿದೆ. ಬರೆದುಕೊಂಡು ಹೋಗಿರಲಿಲ್ಲ, ಮನೆಯ ಮಾತಿನಲ್ಲೇ ಹೇಳಿದೆ. "ರೇವತಿದು ಮದಿವಿ ಇರಲಿಲ್ಲ. ಆಕಿ ಅವ್ವ ಅಪ್ಪನ ಕೂಡ ಸಮುದ್ರ ನೋಡಾಕ ಹೊಂಟಿದ್ಲು. ಫೋನ್ ಮಾಡಿ ತಡದಾಕಿ ನಾನು. ತಪ್ಪು ತಿಳಿದು ಮಾಡಿದೆ. ಆಕೀನ್ನ ಕೆಳಗ ಇಳಿಸೂ ಮುಂದ ನಾನು ಅಲ್ಲೇ ಇದ್ದೆ, ಮುಂದ ಬರಲಿಲ್ಲ. ಅದು ತಪ್ಪು ಅಂತ ತಿಳಿದ ಮ್ಯಾಲ ಮಾಡಿದ ತಪ್ಪು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಮ್ಮ ಪ್ರಶ್ನೆ ಬಿಡಲಿಲ್ಲ. ಸಾಹುಕಾರರ ಮಗಳ ರಜೆಗೆ ನಾನು ಏನನ್ನೂ ಕೇಳದೆ ಸಹಿ ಮಾಡಿದ್ದೆ ಎಂದೂ, ರೇವತಿಯನ್ನು ಮಾತ್ರ ಕೇಳಿದ್ದೆ ಎಂದೂ ಹೇಳಿದೆ.

ಆಮೇಲೆ ಎಂಟನೇ ತರಗತಿಯ ಒಬ್ಬಳು ಎದ್ದು, "ಬಾಯರ, ಸಮುದ್ರ ನೋಡಾಕ ಹೋದ್ರ ರಜಾ ಕೊಡ್ತೀರೇನ್ರಿ?" ಎಂದಳು. ಕೊಡುತ್ತೇನೆ ಎಂದೆ. ಮರುದಿನ ನನ್ನ ಮೇಜಿನ ಮೇಲೆ ರಜೆ ಚೀಟಿಗಳ ಗುಡ್ಡ. ಈ ಊರಿನ ಯಾವ ಹುಡುಗಿಯೂ ಸಮುದ್ರ ನೋಡಿಲ್ಲವೆಂದು ನನಗೆ ಈಗ ತಿಳಿಯಿತು. ಒಬ್ಬಳು ಬರೆದಿದ್ದಾಳೆ: "ನಮ್ಮಪ್ಪ ಕರಕೊಂಡ್ ಹೋಗ್ತೀನಿ ಅಂದಿಲ್ಲ. ರಜಾ ಕೊಟ್ರ ಮನ್ಯಾಗ ಕುಂತು ವಿಚಾರ ಮಾಡ್ತೀನಿ."

ಸಂಜೆಗೆ ಶಿವರಾಜ ಸಾಹುಕಾರರು ಬಂದರು. "ನನ್ನ ಮಗಳ ಹೆಸರು ಎಲ್ಲಾರ ಮುಂದ ಯಾಕ ತೆಗದ್ರಿ? ಆಕೀಗಿ ಅವಮಾನ ಆತು" ಎಂದರು. ಎಲ್ಲರ ಮುಂದೆ ಅವಮಾನವಾದ ಇನ್ನೊಬ್ಬ ಹುಡುಗಿಯ ಮನೆಯ ವಿಳಾಸ ಕೊಡುತ್ತೇನೆ, ಹೋಗಿ ಮಾತಾಡಿಸಿ ಎಂದೆ. ಮಂಡಳಿಯ ಮುಂದಿನ ಸಭೆಯಲ್ಲಿ ನನ್ನ ವಿಷಯ ಇಡುತ್ತಾರಂತೆ. ಇಡಲಿ.

ನಾನು ನಿಮ್ಮ ಮನೆಗೆ ಬರಲಿಲ್ಲ. ಬಂದರೆ ನಿಮ್ಮ ತಾಯಿ ಚಹಾ ಮಾಡಿಸುತ್ತಾರೆ, ರೇವತಿ ಹೊರಗೆ ಬಂದು ನಮಸ್ಕಾರ ಮಾಡಬೇಕಾಗುತ್ತದೆ. ಮನಸ್ಸಿಲ್ಲದ ನಮಸ್ಕಾರ ಅವಳಿಂದ ಮಾಡಿಸಬಾರದು.

ಟಿ.ಸಿ. ಇದರ ಜೊತೆ ಇಟ್ಟಿದ್ದೇನೆ. ಕೊಡುವುದಿಲ್ಲವೆಂದು ಬರೆದಿದ್ದೆ, ತಡೆಯುವ ಹಕ್ಕು ಒಮ್ಮೆ ಬಳಸಿ ಕೆಡಿಸಿಕೊಂಡಿದ್ದೇನೆ. ಶಾಲೆ ಬಿಡಲು ಕಾರಣ ಎಂಬಲ್ಲಿ "ತಂದೆಯ ಕೋರಿಕೆ ಮೇರೆಗೆ" ಎಂದು ಬರೆಯುವುದು ವಾಡಿಕೆ. ನಾನು "ಮುಖ್ಯಗುರುಮಾತೆಯ ತಪ್ಪಿನಿಂದ" ಎಂದು ಬರೆದು ಸಹಿ ಮಾಡಿದ್ದೇನೆ. ಯಾದಗಿರಿಯ ಶಾಲೆಯವರು ಕೇಳಿದರೆ ನನಗೆ ಫೋನ್ ಮಾಡಲು ಹೇಳಿ.

ಅವಳು ಹೋಗಬಾರದೆಂಬುದು ನನ್ನ ಆಸೆ. ಆಸೆಯನ್ನು ಬರೆಯಲು ಟಿ.ಸಿ.ಯಲ್ಲಿ ಜಾಗವಿಲ್ಲ.

ಬಸವೇಶ್ವರಿ


ಸುರಪುರ
16 ಆಗಸ್ಟ್ 2025

ಬಸವೇಶ್ವರಿ ಅವರೆ,

ನಿನ್ನೆ ವಾರದ ರಜೆ. ಟಿ.ಸಿ. ತೆಗೆದುಕೊಂಡು ಊರಿಗೆ ಬಂದೆ. ಯಾದಗಿರಿಯಲ್ಲಿ ಒಂದು ಶಾಲೆ ಮಾತಾಡಿಟ್ಟಿದ್ದೆ. ನನ್ನ ಕೋಣೆಯ ಪಕ್ಕದಲ್ಲೇ ಇನ್ನೊಂದು ಕೋಣೆ ಹಿಡಿದು ಸಂಸಾರವನ್ನು ಅಲ್ಲಿಗೇ ಒಯ್ಯುವುದೆಂದು ಲೆಕ್ಕ ಹಾಕಿದ್ದೆ. ಅವ್ವ ಪಾತ್ರೆ ಕಟ್ಟಲು ಶುರುಮಾಡಿದ್ದಳು.

ರೇವತಿ ಕಾಗದ ಕೈಗೆ ತೆಗೆದುಕೊಂಡು ಓದಿದಳು. ಕಾರಣದ ಸಾಲನ್ನು ಎರಡು ಸಲ ಓದಿದಳು.

"ತಪ್ಪು ಬಾಯರದು ಅಂತ ಬರದಾರಲ್ಲ?"

"ಹೂಂ, ಬರದಾರ" ಎಂದೆ.

"ತಪ್ಪು ಅವರದಾದ್ರ ಸಾಲಿ ನಾ ಯಾಕ ಬಿಡ್ಲಿ?"

ಹುಡುಗಿಯರು ಮತ್ತೆ ಅಂದರೆ ಏನು ಮಾಡುತ್ತಿ ಎಂದು ಅವಳವ್ವ ಕೇಳಿದಳು. "ಅನ್ಲಿ. ನಾನೂ ಅಂತೀನಿ. ನನಗೇನು ಬಾಯಿಲ್ಲೇನು?" ಎಂದಳು. ದೊಡ್ಡ ಬಾಯರ ಮುಖ ದಿನಾ ನೋಡಬೇಕಾಗುತ್ತದಲ್ಲ ಎಂದು ನಾನು ಕೇಳಿದೆ. ತಿಂಗಳಿಗೂ ಮೇಲಾಯಿತು ಅವಳು ದನಿಯೆತ್ತಿ ಮಾತಾಡಿ, ನಿನ್ನೆ ಓಣಿಗೆ ಕೇಳುವಂತೆ ಕೂಗಿದಳು: "ಸಾಲಿ ಆಕೀದೇನು? ನಂದೈತಿ!"

ನಿಮ್ಮನ್ನು ಏಕವಚನದಲ್ಲಿ ಕರೆದದ್ದಕ್ಕೆ ಅವಳವ್ವ ಬೈದಳು. ನಾನು ಬೈಯಲಿಲ್ಲ.

ಸೋಮವಾರ ಬರುತ್ತಾಳೆ. ಟಿ.ಸಿ.ಯನ್ನು ತಾನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಾಳಂತೆ. ನೀವು ಹೇಳಿದ್ದಕ್ಕೆ ಬರುತ್ತಿದ್ದಾಳೆಂದು ತಿಳಿಯಬೇಡಿ, ನಾನು ಕಳಿಸುತ್ತಿದ್ದೇನೆಂದೂ ತಿಳಿಯಬೇಡಿ. ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಶಹಾಪುರ ನಿಲ್ದಾಣದಲ್ಲಿ ಬಸ್ ನಿಂತಾಗಲೆಲ್ಲ ಆ ಕಂಬ ಕಾಣುತ್ತದೆ, ಟಿಕೆಟ್ ಕೇಳುವ ದನಿ ಗಡಸಾಗುತ್ತದೆ, ಪಾಪ ಪ್ರಯಾಣಿಕರು ಗಾಬರಿಯಾಗುತ್ತಾರೆ. ಆ ಸಿಟ್ಟು ನನ್ನದು, ನನ್ನ ಹತ್ತಿರವೇ ಇರಲಿ.

ನಿಮ್ಮ ಶುಕ್ರವಾರದ ಮಾತನ್ನು ಚಂದಮ್ಮ ಓಣಿಯಲ್ಲೆಲ್ಲ ಹೇಳಿದ್ದಾಳೆ. ಮಂಡಳಿಯ ಸಭೆಯಲ್ಲಿ ಯಾರಾದರೂ ನಿಮ್ಮನ್ನು ಕೇಳಿದರೆ ಒಬ್ಬ ಪಾಲಕನಾಗಿ ಬಂದು ನಿಲ್ಲುತ್ತೇನೆ. ಸ್ನೇಹಕ್ಕಲ್ಲ. ನೀವು ಹೇಳಿದ್ದು ನಿಜವಾದ್ದರಿಂದ.

ಒಂದೇ ಒಂದು ಮಾತು. ಅವಳನ್ನು ಕೋಣೆಗೆ ಕರೆದು ತಲೆ ಸವರಬೇಡಿ. ಅಂಗೈ ತೋರಿಸು ಎನ್ನಬೇಡಿ. ಎಲ್ಲರ ಮುಂದೆ ಹೊಗಳಬೇಡಿ. ಹಾಜರಿ ಹಾಕಿ, ಗಣಿತ ಕೇಳಿ. ಬಾರದಿದ್ದರೆ ಬೈಯಿರಿ, ಉಳಿದವರಿಗೆ ಬೈಯುವಷ್ಟೇ ಬೈಯಿರಿ. ಒಂದು ಮಾತು ಕಡಿಮೆ ಬೈದಿರೆಂದು ಗೊತ್ತಾದರೂ ನಾನು ಮತ್ತೆ ಪತ್ರ ಬರೆಯಬೇಕಾಗುತ್ತದೆ.

ಶ್ರೀಮಂತ